ಹಳದಿ ಲಕೋಟೆಯ ಉಪಕಾರ ಸ್ತುತಿ

ತಪ್ಪು ಕೃಪಾವತಿಯದೇ. ಪ್ರಾರ್ಥನೆ ಕೋರುವವರ ಚೀಟಿಗೆಂದು ಚರ್ಚಿನ ಬಾಗಿಲ ಹತ್ತಿರ ಬಿಳಿ ಲಕೋಟೆಗಳನ್ನು ಇಟ್ಟಿರುತ್ತಾರೆ. ಆ ಭಾನುವಾರ ಅವು ತೀರಿಹೋಗಿದ್ದವು. ಪಕ್ಕದಲ್ಲಿ ಹಳದಿ ಲಕೋಟೆಗಳ ಕಟ್ಟು ಇತ್ತು. ಅವುಗಳ ಮೇಲೆ ‘ಉಪಕಾರ ಸ್ತುತಿ’ ಎಂದು ಅಚ್ಚಾಗಿತ್ತು. ಹೆರಿಗೆ ಸುಖವಾಗಿ ಆದವರು, ಮಗನಿಗೆ ನೌಕರಿ ಸಿಕ್ಕವರು ದೇವರಿಗೆ ಕಾಣಿಕೆ ಇಟ್ಟು, ಕಾರಣ ಬರೆದು ಕೊಡುವ ಲಕೋಟೆ ಅದು. ಬಣ್ಣ ಯಾರು ನೋಡುತ್ತಾರೆ, ಒಳಗಿನ ಚೀಟಿ ಓದಿದರೆ ತಿಳಿದೇ ತಿಳಿಯುತ್ತದೆ ಎಂದುಕೊಂಡು ಅವಳು ಒಂದನ್ನು ತೆಗೆದುಕೊಂಡಳು. ‘ಸೆಮಿನರಿ ಓದಿನ ವಿಷಯವಾಗಿ, ಕೃಪಾವತಿ’ ಎಂದಷ್ಟೇ ಬರೆದು ಒಳಗಿಟ್ಟಳು.

ಆರಾಧನೆಯ ನಡುವೆ ಸಭೆಯ ಕಾರ್ಯದರ್ಶಿ ಭಾಗ್ಯಶ್ರೀ ಹಳದಿ ಲಕೋಟೆಗಳನ್ನು ಒಂದೊಂದಾಗಿ ಒಡೆದು ಓದಿದಳು. “ಸೆಮಿನರಿ ಓದಿಗೆ ದೇವರು ದಾರಿ ತೆರೆದದ್ದಕ್ಕ ನಮ್ಮ ಕೃಪಾವತಿ ಟೀಚರ್ ಉಪಕಾರ ಸ್ತುತಿ ಸಲ್ಲಿಸ್ಯಾರ.”

ಕೂಡಿದ್ದ ನಲವತ್ತು ಜನರೂ ಹಿಂತಿರುಗಿ ನೋಡಿದರು. ಯಾರೋ ‘ಸ್ತೋತ್ರ’ ಎಂದರು. ಕೃಪಾವತಿ ಎದ್ದು ನಿಂತು ಹಾಗಲ್ಲ ಎನ್ನಬೇಕಿತ್ತು. ಎದ್ದು ನಿಂತಳು ಕೂಡ. ಆದರೆ ಅವಳು ವಂದಿಸಲು ಎದ್ದಳೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು.

ಆರಾಧನೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುವಾಗ ಖಜಾಂಚಿ ರಾಜಶೇಖರ ಅವರು ಕೈಕುಲುಕಿದರು. “ಟೀಚರ್, ಪಾಸ್ಟರ್ ಆಗಿ ಬಂದ ಮ್ಯಾಲ ಪ್ರಸಂಗ ಸಣ್ಣದು ಮಾಡ್ರಿ. ನಮ್ಮ ಏಕನಾಥ ಪಾಸ್ಟರ್‌ದು ಮುಗಿಯೂದ್ರಾಗ ಮನ್ಯಾಗ ಸಾರು ಆರಿ ಹೋಗಿರ್ತದ.”

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅವಳು ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯೇ ಇತ್ತು. ಓದಬೇಕೆಂಬುದು ಗಟ್ಟಿ, ಹೇಗೆ ಎಂಬುದು ಗೊತ್ತಾಗಿರಲಿಲ್ಲ. ಪಾಸ್ಟರರನ್ನು ತಯಾರು ಮಾಡುವ ಮಂಗಳೂರಿನ ಸೆಮಿನರಿ ಕಾಲೇಜಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ನಾಲ್ಕು ವರ್ಷ ಓದಿದರೆ ದೀಕ್ಷೆ ಸಿಗುತ್ತದೆ, ಸಭಾಪಾಲಕಿ ಆಗಬಹುದು. ಶಾಲೆಯ ನೌಕರಿ ಬಿಡಬೇಕು. ಇಲ್ಲೇ ಇದ್ದುಕೊಂಡು ಅಂಚೆಯ ಮೂಲಕವೂ ಓದಬಹುದು. ಅದಕ್ಕೆ ಸರ್ಟಿಫಿಕೇಟು ಉಂಟು, ದೀಕ್ಷೆ ಇಲ್ಲ. ಹಾಸ್ಟೆಲಿನ ಓದಿಗೆ ನಲವತ್ತರೊಳಗಿನವರನ್ನೇ ಸೇರಿಸಿಕೊಳ್ಳುತ್ತಾರೆ. ಕೃಪಾವತಿಗೆ ಮೂವತ್ತೊಂಬತ್ತು. ಮುಂದಿನ ಭಾನುವಾರ ಚರ್ಚಿನ ಸಮಿತಿಯ ಎದುರು ಅರ್ಜಿಯಲ್ಲಿ ಎರಡರಲ್ಲೊಂದಕ್ಕೆ ಗುರುತು ಹಾಕಬೇಕಾಗಿತ್ತು.

ಮಂಗಳವಾರ ಅವಳು ಪಾಸ್ಟರರ ಮನೆಗೆ ಹೋದಳು. ಅವರು ಯಾವುದೋ ಮದುವೆಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದರು.

“ಪಾಸ್ಟರ್, ಹೆಂಗ ಓದೂದಂತ ನಾ ಇನ್ನೂ ಗಟ್ಟಿ ಮಾಡಿಲ್ಲರಿ. ಲಕೋಟಿ ತಪ್ಪಿತ್ರಿ.”

“ಇರಲಿ ತಂಗಿ. ದೇವರ ಸನ್ನಿಧಿಯೊಳಗ ಉಪಕಾರ ಸ್ತುತಿ ಓದಿ ಆತು. ಅದನ್ನ ಹಿಂದಕ್ಕ ತೊಗೊಳ್ಳಾಕ ಬರೂದಿಲ್ಲ,” ಎಂದು ಅವರು ನಕ್ಕರು. “ಪ್ರಾರ್ಥನಾ ಮಾಡು. ನಾನೂ ಮಾಡ್ತೇನಿ.”

ಆ ವಾರ ಅವಳು ಐದು ಜನರ ಹತ್ತಿರ ಮಾತೆತ್ತಿದಳು. ಐದೂ ಜನ ಪ್ರಾರ್ಥನೆ ಮಾಡುತ್ತೇವೆ ಎಂದರು. ಮಾಡಿಯೂ ಇರುತ್ತಾರೆ, ಅವರು ಸುಳ್ಳು ಹೇಳುವವರಲ್ಲ. ಆದರೆ ಕೂತುಕೊಳ್ಳು, ಏನು ನಿನ್ನ ತೊಡಕು ಎಂದು ಒಬ್ಬರೂ ಕೇಳಲಿಲ್ಲ. ತಾಯಿ ಇದ್ದಿದ್ದರೆ ಬೈಯುತ್ತಿದ್ದಳು. ಬೈಗುಳದಲ್ಲಿ ಒಂದು ದಾರಿಯಾದರೂ ತೋರುತ್ತಿತ್ತು. ತಾಯಿ ತೀರಿ ಎರಡು ವರ್ಷವಾಗಿತ್ತು.

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಅವಳ ಬಾಡಿಗೆ ಖೋಲಿಯ ಒಡತಿ ಮುರಿಗೆವ್ವ. ಸುದ್ದಿ ಅವಳಿಗೂ ಮುಟ್ಟಿತ್ತು.

“ಅಕ್ಕಾರ, ನೀವು ಸ್ವಾಮಿಗೋಳು ಆಗ್ತೀರಂತ, ಖರೇನು?”

“ಸ್ವಾಮಿ ಅಲ್ಲರಿ, ಪಾಸ್ಟರ್.”

“ಎರಡೂ ಒಂದ. ಆದ್ರ ನಮ್ಮ ಮಠಕ್ಕ ಹುಡುಗರನ್ನ ಮೀಸಿ ಬರೂಕಿಂತ ಮೊದಲ ಒಯ್ತಾರ. ನೀವು ತಲಿ ಬೆಳ್ಳಗಾದ ಮ್ಯಾಲ ಹೊಂಟೀರಲ್ಲ!”

“ನಾಕು ಕೂದಲರೀ ಬೆಳ್ಳಗಾಗಿದ್ದು.”

“ನಾಕೋ ನಲವತ್ತೋ. ಖೋಲಿ ಬಿಡೂದಿದ್ರ ಈಗ ಹೇಳ್ರಿ. ನನ್ನ ಅಳಿಯಾ ಕೇಳಾಕತ್ತಾನ.”

ಶನಿವಾರ ಮಧ್ಯಾಹ್ನ ಕೃಪಾವತಿ ಎಂದಿನಂತೆ ಹಳೇ ಹುಬ್ಬಳ್ಳಿಗೆ ಹೋದಳು. ಅಲ್ಲಿ ಓಣಿಯ ಕೊನೆಯ ಮನೆಯಲ್ಲಿ ಮಾರ್ತವ್ವ ಇದ್ದಳು. ಎಂಬತ್ತು ದಾಟಿದವಳು, ಸೊಂಟ ಮುರಿದು ಹಾಸಿಗೆ ಹಿಡಿದವಳು, ಸಭೆಯ ಹಳೇ ಸದಸ್ಯೆ. ಪಕ್ಕದ ಮನೆಯ ಮಾಬೂಬಿ ಎರಡು ಹೊತ್ತು ಉಣಿಸಿ ಹೋಗುತ್ತಿದ್ದಳು. ಶನಿವಾರ ಕೃಪಾವತಿ ಬಂದು ಬೈಬಲ್ ಓದುವಳು. ಮುದುಕಿ ಕಣ್ಣು ಮುಚ್ಚಿ ಕೇಳುವಳು.

ಆ ದಿನ ಓದುವ ಮೊದಲೇ ಕೃಪಾವತಿ ಹೇಳಿಬಿಟ್ಟಳು. “ಆಯಿ, ನಾ ಅಂಚಿಯೊಳಗ ಓದೂದು ಗಟ್ಟಿ ಮಾಡೇನಿ. ನಿನ್ನ ಬಿಟ್ಟು ಹೆಂಗ ಹೋಗ್ಲಿ? ಅರ್ಜಿಯೊಳಗೂ ಹಂಗ ಬರೀತೇನಿ, ಹಾಸಿಗಿ ಹಿಡಿದವರ ಸೇವಾ ಬಿಡಾಕ ಆಗೂದಿಲ್ಲಂತ.”

ಮಾರ್ತವ್ವ ಅವಳ ಕಡೆ ಮುಖ ತಿರುಗಿಸಿದಳು. “ನನ್ನ ಮ್ಯಾಲ ಹಾಕಬ್ಯಾಡ ಮಗಳ.”

“ಹಾಕೂದೇನು ಬಂತು? ಖರೇನ ಹೇಳಾಕತ್ತೇನಿ.”

“ಖರೇ ನಾ ಹೇಳ್ಲೇನು? ನೀ ಓದೂ ಮುಂದ ನಾ ನಿದ್ದಿ ಮಾಡ್ತೇನಿ.”

“ಕಣ್ಣು ಮುಚ್ಚಿ ಕೇಳಾಕತ್ತಿ ಅಂತ...”

“ಮೊದಲಿನ ಎರಡು ವಚನ ಕೇಳ್ತೇನಿ. ಆಮ್ಯಾಲ ನೀ ಪುಸ್ತಕ ಮುಚ್ಚಿದ ಸಪ್ಪಳಕ್ಕ ಎಚ್ಚರಾಗ್ತದ, ಆಮೆನ್ ಅಂತೇನಿ.” ಮುದುಕಿಯ ಹಲ್ಲಿಲ್ಲದ ಬಾಯಿ ನಕ್ಕಿತು. ಕೃಪಾವತಿ ನಗಲಿಲ್ಲ. ಅದನ್ನು ನೋಡಿ ಮಾರ್ತವ್ವನ ದನಿ ಮೆತ್ತಗಾಯಿತು. “ನಿಮ್ಮವ್ವ ಇದ್ದಾಗ ನೀ ತಿಂಗಳಿಗೊಮ್ಮೆ ಬರ್ತಿದ್ದಿ. ಆಕಿ ಹೋದ ಮ್ಯಾಲ ವಾರಾ ವಾರಾ ಬರಾಕ ಹತ್ತಿದಿ. ಹುಡುಗಿಗೆ ಕೂಡಾಕ ಒಂದು ಮನಿ ಬೇಕಾಗೇದ, ಬರಲಿ ಅಂತ ನಾ ಸುಮ್ಮನಿದ್ದೆ.”

ಹೊರಗೆ ಯಾರೋ ಸೈಕಲ್ಲಿನ ಮೇಲೆ ಉಳ್ಳಾಗಡ್ಡಿ ಮಾರುತ್ತ ಹೋದರು.

“ಅಂಚಿಯೊಳಗ ಓದಿದ್ರ ಯಾರ ಕೂಡ ಓದ್ತಿ?” ಎಂದಳು ಮಾರ್ತವ್ವ. “ಮತ್ತ ಆ ಖೋಲಿಯೊಳಗ ಒಬ್ಬಾಕೀನ. ಬರೇ ಗ್ವಾಡಿ ಕೂಡ ವಾದ ಮಾಡಿದಾಕಿ ನಾಳೆ ಜನಕ್ಕ ಏನು ಹೇಳಾಕಿ?”

ಕೃಪಾವತಿ ಪುಸ್ತಕ ತೆರೆಯಲೇ ಇಲ್ಲ. ಮಾಬೂಬಿ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟುವ ತನಕ ಕೂತಿದ್ದಳು. ಎರಡು ವರ್ಷದ ಶನಿವಾರಗಳೆಲ್ಲ ತನ್ನ ಸೇವೆ ಎಂದುಕೊಂಡಿದ್ದಳು. ನಾಚಿಕೆಯಾಯಿತು. ಸಿಟ್ಟೂ ಬಂತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಳಿಯುವ ಹೊತ್ತಿಗೆ ಸಿಟ್ಟು ಹೋಗಿತ್ತು. ಉಳಿದದ್ದು ಏನೆಂದು ಅವಳಿಗೆ ಹೇಳಲು ಬರುವಂತಿರಲಿಲ್ಲ.

ಭಾನುವಾರ ಸಮಿತಿಯ ಐದು ಜನ ಕೂತರು. ಅವಳ ಅರ್ಜಿ ಎರಡನೆಯ ವಿಷಯ. ಮೂರನೆಯದು ಕೆಟ್ಟುಹೋದ ಧ್ವನಿವರ್ಧಕ.

“ಅಂಚಿಯೋ ಹಾಸ್ಟೆಲ್ಲೋ?” ಎಂದರು ಪಾಸ್ಟರ್.

“ಹಾಸ್ಟೆಲ್‌ರಿ.”

“ಮತ್ತ ಶನಿವಾರದ ಭೇಟಿ ಯಾರು ಮಾಡೋರು?” ಎಂದರು ರಾಜಶೇಖರ. ಅದು ಅವಳ ಕೆಲಸವೆಂದು ಎಲ್ಲರೂ ತಿಳಿದಿದ್ದರು. ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕೆಂದು ಅವಳಿಗೂ ಒಮ್ಮೆಯೂ ಅನಿಸಿರಲಿಲ್ಲ. ಪ್ರಾರ್ಥನೆ ಮಾಡೋಣ ಎಂದು ಪಾಸ್ಟರ್ ತಲೆ ಬಾಗಿಸಿದರು. ಎಲ್ಲರೂ ಕಣ್ಣು ಮುಚ್ಚಿದಾಗ ಕೃಪಾವತಿ ಕಣ್ಣು ತೆರೆದೇ ಇದ್ದು ಅರ್ಜಿಯಲ್ಲಿ ಗುರುತು ಹಾಕಿ ಸಹಿ ಮಾಡಿದಳು.

ಹೊರಗೆ ಭಾಗ್ಯಶ್ರೀ ಹಿಂದಿನಿಂದ ಬಂದಳು. “ಟೀಚರ್, ಆ ಅಜ್ಜಿ ಮನಿ ಎಲ್ಲಿ ಬರ್ತದರಿ? ನಾ ಹೋಗ್ತೇನಿ.”

“ನಾ ಕೂಡ ಬಂದು ತೋರಸ್ತೇನಿ.”

“ಬ್ಯಾಡ್ರಿ, ಹೇಳ್ರಿ ಸಾಕು. ನೀವು ನಿಮ್ಮ ತಯಾರಿ ಮಾಡ್ಕೋರಿ.”

ಕೃಪಾವತಿ ಓಣಿ ಹೇಳಿದಳು, ಬಾಗಿಲ ಬಣ್ಣ ಹೇಳಿದಳು, ಬಲಗಡೆ ಕೂಡಬೇಕು, ಎಡಗಿವಿ ಕೇಳಿಸುವುದಿಲ್ಲ ಎಂದಳು. ಭಾಗ್ಯಶ್ರೀ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ಎರಡು ನಿಮಿಷವೂ ಹಿಡಿಯಲಿಲ್ಲ.

ತಿಂಗಳ ಮೇಲೆ ಕಾಲೇಜಿನಿಂದ ಒಪ್ಪಿಗೆ ಪತ್ರ ಬಂತು. ಜೊತೆಗೆ ತರಬೇಕಾದ ಸಾಮಾನುಗಳ ಪಟ್ಟಿ. ಎಲ್ಲರೂ ಒಟ್ಟಿಗೆ ಉಣ್ಣುವುದರಿಂದ ತಟ್ಟೆ ಲೋಟಗಳ ಮೇಲೆ ಹೆಸರು ಇರಲೇಬೇಕು ಎಂದು ಬರೆದಿತ್ತು. ಆ ಶನಿವಾರ ಮಧ್ಯಾಹ್ನ ಅವಳು ತಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಪಾತ್ರೆ ಅಂಗಡಿಗೆ ಹೋದಳು. ಹೆಸರು ಕೊರೆಯುವ ಹಫೀಜ ಯಂತ್ರ ಒರೆಸುತ್ತ ಕೇಳಿದ.

“ಮದಿವಿ ಉಡುಗೊರಿ ಏನ್ರಿ? ಕೊಟ್ಟವರ ಹೆಸರು ಹೇಳ್ರಿ.”

“ಉಡುಗೊರಿ ಅಲ್ಲರಿ. ನನ್ನ ತಾಟು.”

“ನಿಮ್ಮ ತಾಟಿಗೆ ಹೆಸರ್ಯಾಕ್ರಿ? ಮನ್ಯಾಗ ಭಾಳ ಮಂದಿ ಅದೀರೇನು?”

“ಇನ್ನು ಮ್ಯಾಲ ಇರ್ತೇವಿ,” ಎಂದಳು ಕೃಪಾವತಿ. ಅಕ್ಷರ ಮೂಡುವುದನ್ನು ನೋಡುತ್ತ ಅಲ್ಲೇ ನಿಂತಳು.