ಹಿಂದಿನ ಗಾಲಿಯ ಗಾಳಿ

ಪಂಪಿನ ಹಿಡಿಕೆ ಕೆಳಗಿಳಿದರೆ ಉಸ್, ಮೇಲೆ ಬಂದರೆ ಕಿರ್, ಒಳಗಿನ ಚರ್ಮದ ಬಿಲ್ಲೆ ಒಣಗಿರಬೇಕು, ನಾಲ್ಕು ಹನಿ ಎಣ್ಣೆ ಬಿಟ್ಟರೆ ಗಾಳಿ ಸರಿಯಾಗಿ ಹೋದೀತು, ಬೀಗರ ಬುತ್ತಿಯಲ್ಲಿ ಶೇಂಗಾ ಎಣ್ಣೆ ಇದ್ದೀತು, ಕೇಳಿದರೆ ಕೊಟ್ಟಾರು, ಆದರೆ ಕೇಳಬೇಕೆಂದರೆ ಆ ಕಡೆ ತಿರುಗಬೇಕು, ತಿರುಗಿದರೆ ಬೇವಿನ ಗಿಡಕ್ಕೂ ಜಾಲಿಗಿಡಕ್ಕೂ ಅಡ್ಡ ಕಟ್ಟಿದ ಸೀರೆ ಕಾಣುತ್ತದೆ, ಸೀರೆಯ ಆಚೆ ಮೌನಮ್ಮ ನರಳುತ್ತಿದ್ದಾಳೆ, ತನ್ನ ಮಗಳು, ಒಬ್ಬಳೇ ಮಗಳು — ಅಂಬ್ರಪ್ಪ ತಿರುಗಲಿಲ್ಲ, ಹಿಡಿಕೆ ಒತ್ತಿದ. ಉಸ್. ಬಸ್ಸು ರಸ್ತೆಯ ಅಂಚಿನ ತಗ್ಗಿಗೆ ವಾಲಿಕೊಂಡು ನಿಂತಿದೆ, ಜಾಕಿನ ಕೆಳಗೆ ಕಲ್ಲು, ಕಲ್ಲಿನ ಕೆಳಗೆ ಸಡಿಲ ಕರಿಮಣ್ಣು, ಅದು ಯಾವಾಗ ಕುಸಿಯುತ್ತದೋ ದೇವರಿಗೇ ಗೊತ್ತು. ಒಡೆದ ಟಾಯರಿನೊಳಗೆ ಹಳೆ ಟಾಯರಿನ ತುಂಡು ಇಟ್ಟಿದ್ದಾನೆ, ಟ್ಯೂಬಿಗೆ ತೇಪೆ ಹಚ್ಚಿದ್ದಾನೆ, ಮೇಲೆ ಹಗ್ಗ ಬಿಗಿದಿದ್ದಾನೆ, ಶಹಾಪುರದ ದವಾಖಾನೆ ಮುಟ್ಟಿದರೆ ಸಾಕು, ಅಷ್ಟು ದೂರ ತಾಳಿದರೆ ಸಾಕು, ಆಮೇಲೆ ಗಾಡಿ ಸುಟ್ಟು ಬೂದಿಯಾಗಲಿ. ಶಹಾಪುರದ ಗುಡ್ಡ ಇಲ್ಲಿಂದಲೇ ಕಾಣುತ್ತಿದೆ, ಅಂಗಾತ ಮಲಗಿದ ಮನುಷ್ಯನ ಹಾಗೆ, ಬಿಸಿಲಿನಲ್ಲಿ ಕದಲದೆ ಮಲಗಿದೆ, ಎದ್ದು ಬಂದು ಒಂದು ಕೈ ಹಚ್ಚಬಾರದೇ ಪುಣ್ಯಾತ್ಮ. ಅಳಿಯ ದೇವಿಂದ್ರ ಡಾಕ್ಟರನ್ನು ಕರೆತರಲು ಅದೇ ಗುಡ್ಡದ ಕಡೆ ಓಡಿದ್ದಾನೆ, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಓಡಿದ, ಇನ್ನೂ ಸುಳಿವಿಲ್ಲ. ಸುಗ್ಗಿ ಮುಗಿದ ಹೊಲ, ಒಂದು ಬಂಡಿ ಇಲ್ಲ, ಒಂದು ನರಪಿಳ್ಳೆ ಇಲ್ಲ. ಉಸ್, ಕಿರ್. ಯವ್ವಾ, ನನ್ನ ಸೊಂಟ ಮುರೀತ ಯವ್ವಾ — ಏನಾಗಂಗಿಲ್ಲ ನನ ಮಗಳ, ಕೈ ಹಿಡಿ, ನನ್ನ ಕೈ ಹಿಡಿ — ಅದು ಹೆಂಡತಿ ಮಲ್ಲಿಕಮ್ಮನ ದನಿ, ಅಷ್ಟು ಮೆತ್ತಗೆ ಅವಳು ಯಾವತ್ತೂ ಮಾತಾಡಿದವಳಲ್ಲ, ಆ ಮೆತ್ತಗಿನ ದನಿ ಕೇಳಿಯೇ ಅವನಿಗೆ ಹೆದರಿಕೆಯಾಯಿತು.

ಮೆತ್ತಗೆ. ಎಲ್ಲ ಆ ಮೆತ್ತಗಿನಿಂದಲೇ ಆದದ್ದು. ಬೆಳಿಗ್ಗೆ ಸುರಪುರದಲ್ಲಿ ಬೀಗರ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಒಳಗೆ ಕುಬಸದ ಹಾಡು ನಡೆದಿತ್ತು, ಏಳನೆಯ ತಿಂಗಳು, ಚೊಚ್ಚಲು, ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಯಾದಗಿರಿಯ ತವರಿಗೆ ಕಳಿಸುವ ದಿನ. ಸುರಪುರದಿಂದ ಯಾದಗಿರಿಯ ತನಕ ಆ ರಸ್ತೆಯ ಒಂದೊಂದು ಕಲ್ಲೂ ಅವನಿಗೆ ಗೊತ್ತು, ದಿನಾ ಸವಾರಿ ಹೊಡೆದು ಹೊಡೆದು ಅವನ ಬೆನ್ನೇ ಆ ರಸ್ತೆಯ ನಕಾಶೆಯಾಗಿದೆ, ಎಲ್ಲಿ ಎತ್ತಿ ಹಾಕುತ್ತದೆ, ಎಲ್ಲಿ ಹಲ್ಲು ಕಟಕಟ ಅನ್ನುತ್ತದೆ, ಅದೆಲ್ಲ ಆ ಬಸುರಿ ಹೊಟ್ಟೆಗೆ ಬಡಿದರೆ? ಕೂತು, ಹಿಂದಿನ ಗಾಲಿಯ ಬಾಯಿಗೆ ಮೊಳೆ ಒತ್ತಿ ಗಾಳಿ ಬಿಟ್ಟ, ಸುಯ್ ಅಂತ ಬಂದ ಬಿಸಿಗಾಳಿ ಕೈಗೆ ಹಿತವಾಗಿತ್ತು, ಇನ್ನೊಂದಕ್ಕೂ ಬಿಟ್ಟ, ಹೆಬ್ಬೆರಳಿನಿಂದ ಒತ್ತಿ ನೋಡಿದ, ಹಾಂ, ಇಷ್ಟು ಮೆತ್ತಗಿದ್ದರೆ ಮಗಳಿಗೆ ಕಲ್ಲು ಗೊತ್ತಾಗುವುದಿಲ್ಲ. ಸಂತೋಷಪಟ್ಟ, ಮೂರ್ಖ, ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ನಕ್ಕ. ಗಾಡಿ ಕಲಿಸಿದ ದಸ್ತಗೀರಸಾಬ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ, ಸತ್ತು ಮಣ್ಣಾಗಿ ಎಷ್ಟು ವರ್ಷವಾಯಿತು, ಆದರೂ ಅವನ ದನಿ ಪಂಪಿನ ಒಳಗಿಂದಲೇ ಬಂದ ಹಾಗಾಗುತ್ತಿದೆ — ಅರೆ ಅಂಬ್ರಪ್ಪ, ವಜನ್ ಬಿದ್ದ ಮ್ಯಾಲ ಗಾಳಿ ಗಟ್ಟಿ ಇರಬೇಕೋ, ಮೆತ್ತಗಾದ್ರ ಟಾಯರ ತನ್ನ ತಾನ ಕಡಕೊಂಡು ಸಾಯ್ತದ. ಗೊತ್ತಿತ್ತು ಉಸ್ತಾದ, ಮರೆತಿರಲಿಲ್ಲ, ಆದರೆ ಬೆಳಿಗ್ಗೆ ವಜನು ಎಲ್ಲಿತ್ತು, ಮಗಳು, ಅವಳ ತಾಯಿ, ಅಳಿಯ, ಬೀಗತಿ, ಹೆಚ್ಚೆಂದರೆ ಒಬ್ಬಿಬ್ಬರು ಮುತ್ತೈದೆಯರು, ಹಗುರ ಗಾಡಿ, ಸಾವಕಾಶ ಹೊಡೆದರಾಯಿತು ಅಂದುಕೊಂಡಿದ್ದ.

ಅಂದುಕೊಂಡದ್ದು ಅವನು, ಹತ್ತಿದ್ದು ಬೀಗರು. ಓಣಿಗೆ ಓಣಿಯೇ ಹತ್ತಿತು — ಅಳಿಯನ ದೊಡ್ಡವ್ವ, ಸಣ್ಣವ್ವ, ಅತ್ತೆಯರು, ಅವರ ಸೊಸೆಯರು, ಕೆಂಭಾವಿಯಿಂದ ಬಂದಿದ್ದ ನೆಂಟರು, ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಬುತ್ತಿ, ಎಳ್ಳು ಹಚ್ಚಿದ ರೊಟ್ಟಿ, ಹೋಳಿಗೆ, ಮೊಸರಿನ ಗಡಿಗೆ, ಮೇಲೆ ಎರಡು ಚೀಲ ಜೋಳ, ತವರಿಗೆ ಹೋಗುವ ಸೊಸೆಯ ಸಂಗಡ ಬರಿಗೈಲಿ ಹೋಗುತ್ತಾರೆಯೇ. ಬಾಗಿಲಿನ ಮೇಲೆ ನಿಜಾಮ ಸರಕಾರದವರು ಉರ್ದುವಿನಲ್ಲಿ ಇಷ್ಟೇ ಮಂದಿ ಸವಾರಿ ಎಂದು ಬಿಳಿ ಬಣ್ಣದಿಂದ ಬರೆಸಿದ್ದಾರೆ, ಆ ಅಕ್ಷರಕ್ಕೇ ಬೆನ್ನು ಒರಗಿಸಿಕೊಂಡು ಮೂವರು ನಿಂತಿದ್ದರು. ಬೇರೆ ದಿನವಾಗಿದ್ದರೆ ಅಂಬ್ರಪ್ಪ ಗುಡುಗುತ್ತಿದ್ದ, ಪೊಲೀಸ್ ಪಟೇಲನನ್ನೂ ಇಳಿಸಿದ ಗಂಡಸು ಅವನು, ಇಳೀರಿ ಇಳೀರಿ, ಗಾಡಿ ಏನ್ ನಿಮ್ಮಪ್ಪಂದಾ. ಆದರೆ ಇವರು ಬೀಗರು. ಹೆಣ್ಣು ಕೊಟ್ಟವನು, ಯಾರಿಗೆ ಇಳಿ ಅನ್ನಲಿ, ಇಳಿ ಅಂದರೆ ನಾಳೆ ಆ ಮಾತು ತಿರುಗಿ ಬೀಳುವುದು ಮಗಳ ಮೈಮೇಲೆ. ಸರಿ, ಇಳಿಸುವುದು ಬೇಡ, ಗಾಳಿಯನ್ನಾದರೂ ತುಂಬೋಣ ಎಂದು ಹಿಂದೆ ಹೋದ, ಪಂಪು ಹಿಂದಿನ ಸೀಟಿನ ಕೆಳಗೆ, ಅದರ ಮೇಲೆ ಚೀಲ, ಚೀಲದ ಮೇಲೆ ಬುತ್ತಿ, ಬುತ್ತಿಯ ಮೇಲೆ ಬುತ್ತಿ. ಬೀಗತಿ ಶಂಕ್ರಮ್ಮನಿಗೆ ಕೈಮುಗಿದು ಹೇಳಿದ, ಬೀಗತ್ಯಾರ, ಒಂದೀಟು ಇವನ್ನ ಕೆಳಗ ಇಳಸ್ರಿ, ಪಂಪ ತಗೀಬೇಕು. ಶಂಕ್ರಮ್ಮ ಕೆಟ್ಟವಳೇನಲ್ಲ, ಸೊಸೆಯ ಮೇಲೆ ಜೀವ ಇಟ್ಟವಳು, ಆದರೆ ಆ ಮಾತು ಕೇಳಿ ಅವಳ ಮುಖ ಕಪ್ಪಿಟ್ಟಿತು — ಏನಂತೀರಿ ಬೀಗರ, ಕುಬಸದ ಬುತ್ತಿ ಎತ್ತಿದ ಮ್ಯಾಲ ತವರಮನಿ ಮುಟ್ಟೂತನಕ ನೆಲಕ್ಕ ಇಳಸ್ತಾರೇನ್ರಿ, ಹೊಟ್ಟ್ಯಾಗಿನ ಕೂಸಿಗೆ ಛಲೋ ಅಲ್ಲ. ಎಲ್ಲ ಹೆಂಗಸರೂ ಅವನನ್ನೇ ನೋಡಿದರು. ಕೂಸಿನ ಹೆಸರು ಎತ್ತಿದ ಮೇಲೆ ಅವನು ಹಿಂದೆ ಸರಿದ. ಮಲ್ಲಿಕಮ್ಮ ಕೂಡ ಕಣ್ಣಲ್ಲೇ ಗದರಿಸಿದಳು, ಸುಮ್ಮ ನಡೀರಿ, ರಾಹುಕಾಲ ಬರಾಕತ್ತೈತಿ. ನಡೆದ. ಕೋಲಿನಿಂದ ಟಾಯರಿಗೆ ಒಂದೇಟು ಹೊಡೆದು ಸದ್ದು ಕೇಳುವುದು ರೂಢಿ, ಇವತ್ತು ಹೊಡೆಯಲೇ ಇಲ್ಲ, ಏನು ಸದ್ದು ಬರುತ್ತದೆಂದು ಗೊತ್ತಿತ್ತಲ್ಲ.

ಯಪ್ಪಾ, ಗಾಡಿ ಇವತ್ತ ತೊಟ್ಟಲ ತೂಗಿದಂಗ ಹೊಂಟೈತಿ — ಮೌನಮ್ಮ ಅವನ ಸೀಟಿನ ಹಿಂದೆಯೇ ಕೂತಿದ್ದಳು, ಅವನ ಹೆಗಲಿಗೆ ಕೈ ಹಾಕಿ ಹಾಗೆ ಅಂದಳು, ಹೊಸ ಬಳೆಗಳು ಅವನ ಕಿವಿಯ ಹತ್ತಿರ ಗಲ್ ಅಂದವು, ಮುಂದಿನ ಕನ್ನಡಿಯಲ್ಲಿ ಅವಳ ನಗು ಕಂಡಿತು, ಸಣ್ಣವಳಿದ್ದಾಗ ಇದೇ ಸ್ಟೇರಿಂಗಿನ ಮುಂದೆ ಅವನ ತೊಡೆಯ ಮೇಲೆ ಕೂತು ಹಾರನ್ನು ಒತ್ತುತ್ತಿದ್ದಳು, ಸ್ಟೇಶನ್ನಿಗೆ ರೈಲು ಬಂದಿತು ಅನ್ನುತ್ತಿದ್ದಳು, ಯಾವಾಗ ಇಷ್ಟು ದೊಡ್ಡವಳಾದಳು. ಆ ಒಂದು ಮಾತಿಗೆ ಅವನು ಎಲ್ಲ ಮರೆತ. ತೊಟ್ಟಿಲು ತೂಗುತ್ತಿದ್ದದ್ದು ಯಾಕೆ, ಗಾಲಿ ಚಪ್ಪಟೆಯಾಗಿ ಹೊರಳುತ್ತಿತ್ತು, ಅದಕ್ಕೆ, ಸ್ಟೇರಿಂಗು ಅವನ ಕೈಯಲ್ಲಿ ಹೇಳುತ್ತಲೇ ಇತ್ತು, ತಿರುವಿನಲ್ಲಿ ಹಿಂಭಾಗ ತಡವಾಗಿ ಬರುತ್ತಿತ್ತು, ಕುಡಿದವನ ಕಾಲಿನ ಹಾಗೆ. ಹಿಂದೆ ಹೆಂಗಸರು ಹಾಡುತ್ತಿದ್ದರು, ಯಾರೋ ಬಿಸಿಲು ಬಿಸಿಲು ಅನ್ನುತ್ತಿದ್ದರು, ಆಮೇಲೆ ವಾಸನೆ ಬಂತು, ರಬ್ಬರು ಕಾದ ವಾಸನೆ. ನಿಲ್ಲಿಸಬೇಕಿತ್ತು. ಯಾರದೋ ಬುತ್ತಿಯ ಒಗ್ಗರಣೆ ವಾಸನೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ, ಇಪ್ಪತ್ತು ವರ್ಷ ರಬ್ಬರು ಮೂಸಿದ ಮೂಗಿಗೆ. ಮಾಲಕ ಗಾಡಿ ಕೊಡುವಾಗಲೇ ಅಂದಿದ್ದ, ಲಡಾಯಿ ನಡದೈತಿ, ಟಾಯರ ಹೈದರಾಬಾದಿನ್ಯಾಗೂ ಸಿಗವಲ್ದು, ಸ್ಟೆಪ್ನಿ ಆಗಲೇ ಗಾಲಿಗೆ ಹಾಕೇವಿ, ಹುಷಾರ್ ಹೊಡಿ. ಹುಷಾರಾಗಿಯೇ ಹೊಡೆದ, ಸಾವಕಾಶವೇ ಹೊಡೆದ, ಆಣೆ ಮಾಡಿ ಹೇಳಿಯಾನು. ಆದರೂ ಢಂ ಅಂದಿತು, ಗಾಡಿ ಒಂದು ಕಡೆ ಕುಕ್ಕರಿಸಿತು, ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ತಿರುಗಿತು, ಹೊತ್ತ ಭಾರವೆಲ್ಲ ಬಂದು ಒಂದೇ ಮಗ್ಗುಲಿಗೆ ಬಿತ್ತು, ತಗ್ಗಿಗೆ ಇಳಿದು ನಿಂತಿತು. ಬೇರೆ ಯಾರಿಗೂ ಏನೂ ಆಗಲಿಲ್ಲ, ಅಯ್ಯಯ್ಯೋ ಅಂತ ಎದ್ದು ಸೆರಗು ಕೊಡವಿಕೊಂಡರು, ಮೌನಮ್ಮ ಮಾತ್ರ ಅವನ ಸೀಟಿನ ಹಿಂದಿನ ಕಬ್ಬಿಣಕ್ಕೆ ಹೊಟ್ಟೆ ಬಡಿಸಿಕೊಂಡಿದ್ದಳು. ಕೂಗಲಿಲ್ಲ, ಯಪ್ಪಾ ಅಂದಳು, ಅಷ್ಟೇ. ಹಿಂದೆ ಬುತ್ತಿಗಳೆಲ್ಲ ಉರುಳಿ ಮೊಸರಿನ ಗಡಿಗೆ ಒಡೆದು, ಮೊಸರು ಮೆತ್ತಿದ ಪಂಪು ತಾನಾಗಿಯೇ ಬಾಗಿಲಿಗೆ ಬಂದು ಬಿದ್ದಿತ್ತು. ಅದನ್ನು ನೋಡಿದಾಗ ಅವನಿಗೆ ಎದೆ ಬಡಿದುಕೊಂಡು ಅಳಬೇಕೆನಿಸಿತು, ಅಳಲಿಲ್ಲ, ಜಾಕು ಹುಡುಕಿದ.

ಉಸ್, ಕಿರ್, ತೋಳು ಬಿದ್ದುಹೋಗುತ್ತಿದೆ, ಬೀಗರ ಗಂಡಸೊಬ್ಬ ಬಂದು ನಾ ಹೊಡೀತೀನಿ ಬಿಡ್ರಿ ಅಂದ, ಬ್ಯಾಡ ಅಂದ ಅಂಬ್ರಪ್ಪ, ಇದು ತನ್ನ ಪಾಲಿನದು, ತಾನು ಬಿಟ್ಟ ಗಾಳಿ ತಾನೇ ತುಂಬಬೇಕು. ಟಾಯರು ಈಗ ಎದ್ದಿದೆ, ಹಗ್ಗ ಬಿಗಿಯಾಗಿದೆ, ಇನ್ನೊಂದಿಷ್ಟು, ತಾಳು ಮಗಳೇ, ಇನ್ನೊಂದಿಷ್ಟು. ಬೆವರು ಒರೆಸಿಕೊಳ್ಳಲು ತಲೆ ಎತ್ತಿದ, ಎತ್ತಬಾರದಿತ್ತು, ಸೀರೆಯ ಕೆಳಗಿನ ಅಂಚು ನೆಲ ಮುಟ್ಟುವುದಿಲ್ಲ, ಅಲ್ಲಿ ಅವಳ ಪಾದ ಕಂಡವು, ಮುಂಜಾನೆ ಅರಿಷಿಣ ಹಚ್ಚಿದ ಪಾದ, ಹಿಮ್ಮಡಿ ಮಣ್ಣಿಗೆ ಒದ್ದು ಒದ್ದು ತೋಡುತ್ತಿವೆ, ಒಮ್ಮೆ ನಿಲ್ಲುತ್ತವೆ, ಮತ್ತೆ ತೋಡುತ್ತವೆ, ಕಣ್ಣು ಕೆಳಗೆ ಹಾಕಿದ, ಹಿಡಿಕೆ ಒತ್ತಿದ, ಕಣ್ಣು ಮುಚ್ಚಿದರೂ ಅವೇ ಪಾದ, ಉಸ್, ತೋಡುತ್ತವೆ, ಕಿರ್, ನಿಲ್ಲುತ್ತವೆ. ರಸ್ತೆಯಂಚಿನಲ್ಲಿ ಹೆಂಗಸರು ಸಾಲಾಗಿ ಕೂತಿದ್ದಾರೆ, ಉಳಿದ ಬುತ್ತಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಇನ್ನೂ ನೆಲಕ್ಕೆ ಇಳಿಸಿಲ್ಲ, ತೊಡೆ ಜೋಮು ಹಿಡಿದರೂ ಇಳಿಸಿಲ್ಲ, ಪಾಪ, ಅವರ ಮೇಲೆ ಸಿಟ್ಟು ಮಾಡಬೇಕೆಂದರೂ ಬರುತ್ತಿಲ್ಲ, ತನ್ನ ಮೇಲಿನ ಸಿಟ್ಟೇ ಎದೆ ತುಂಬ ಇರುವಾಗ. ಸೀರೆಯ ಆಚೆ ಒಂದು ದೊಡ್ಡ ಕೂಗು, ಆಮೇಲೆ ಏನೂ ಇಲ್ಲ. ಅಂಬ್ರಪ್ಪ ಕೈ ನಿಲ್ಲಿಸಿದ, ಈಗ ಕೂಸು ಅಳಬೇಕು, ಈಗ, ಏಳು ತಿಂಗಳಿನವು ಬದುಕುತ್ತವೆ, ಮಲ್ಲಿಕಮ್ಮನ ತಮ್ಮ ಏಳು ತಿಂಗಳಿನವನೇ, ಈಗ ಹೊಲದಲ್ಲಿ ಎತ್ತಿನ ಹಾಗೆ ದುಡಿಯುತ್ತಾನೆ, ಅಳು, ಒಂದು ಸಲ ಅಳು, ನಮ್ಮಪ್ಪ, ಒಂದೇ ಸಲ. ಗಾಳಿಯಿಲ್ಲದ ಮಧ್ಯಾಹ್ನ, ಬೇವಿನ ಎಲೆ ಅಲುಗುತ್ತಿಲ್ಲ. ಶಂಕ್ರಮ್ಮ ಸೀರೆ ಸರಿಸಿ ಹೊರಗೆ ಬಂದಳು, ಮೊಣಕೈ ತನಕ ಕೆಂಪು, ಅವನ ಮುಖ ನೋಡಲಿಲ್ಲ, ಗಾಲಿಯನ್ನು ನೋಡುತ್ತ ಹೇಳಿದಳು, ಗಂಡು ಇತ್ತು ಬೀಗರ, ಉಳೀಲಿಲ್ಲ. ಹುಡುಗಿ ಅದಾಳ, ಜೀವ ಗಟ್ಟಿ ಐತಿ. ಸಾವಕಾಶ ಹೊಡ್ಕೊಂಡು ನಡೀರಿ, ಇನ್ನ ಅವಸರ ಏನೈತಿ. ಹಾಗಂದು ಹೆಂಗಸರ ಸಾಲಿನ ಕಡೆ ಹೋದಳು, ಏನೋ ಅಂದಳು, ಒಬ್ಬೊಬ್ಬರಾಗಿ ಬುತ್ತಿಗಳನ್ನು ತೊಡೆಯಿಂದ ಎತ್ತಿ ನೆಲಕ್ಕೆ ಇಟ್ಟರು. ಮಗಳನ್ನು ಎತ್ತಿ ಸೀಟಿನ ಉದ್ದಕ್ಕೆ ಮಲಗಿಸಿದರು, ನಾವು ನಡಕೊಂತ ಬರ್ತೀವಿ, ಗಾಡಿ ಹಗುರ ಇರಲಿ ಅಂದರು ಬೀಗರು, ಈಗ ಅಂದರು, ಈಗ ಎಲ್ಲರೂ ನಡೆಯುತ್ತಾರೆ. ಯಾರೋ ಗಿಡದಿಂದ ಸೀರೆ ಬಿಚ್ಚಿದರು. ಗಾಲಿಯ ಪಕ್ಕ ಕೂತುಬಿಟ್ಟ ಅಂಬ್ರಪ್ಪ ಜಾಕು ಇಳಿಸಬೇಕು, ಹತ್ತಬೇಕು, ಗಾಡಿ ಸುರು ಮಾಡಬೇಕು, ಹ್ಯಾಂಡಲು ತಿರುವಬೇಕು, ಮಲ್ಲಿಕಮ್ಮ ಕಿಟಕಿಯಿಂದ ಏನೋ ಕೂಗುತ್ತಿದ್ದಾಳೆ, ಏಳಬೇಕು — ಬೇವಿನ ಗಿಡದ ಬುಡದಲ್ಲಿ, ಮೆತ್ತಗಿನ ಮಣ್ಣಿನಲ್ಲಿ, ಹಿಮ್ಮಡಿ ತೋಡಿದ ಎರಡು ಸಣ್ಣ ಕುಳಿ, ಅಂಚಿಗೆ ಅರಿಷಿಣ ಹತ್ತಿದ ಎರಡು ಕುಳಿ, ಏಳಬೇಕು, ಎರಡು ಕುಳಿ, ಎರಡು ಕುಳಿ