ಅಟ್ಟದ ಮೇಲೆ ಅನ್ನದ ಘಮ

ಹಿತ್ತಲ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದ ನಯನಳ ಕೈ ನಿಂತಿತು. ಅನ್ನ ಬೇಯುವ ವಾಸನೆ ಮತ್ತೆ ಬಂದಿತ್ತು. ದಿನನಿತ್ಯದ ಅನ್ನದ್ದಲ್ಲ, ಹಬ್ಬಕ್ಕಿಡುವ ಸಣ್ಣಕ್ಕಿ ಕುದಿ ಬಂದಾಗ ಮುಚ್ಚಳ ಸರಿಸಿದರೆ ಏಳುತ್ತದಲ್ಲ, ಆ ಘಮ. ಒದ್ದೆ ಕೈಯಲ್ಲೇ ಎದ್ದು ಅಡುಗೆಮನೆಗೆ ಬಂದು ನೋಡಿದಳು. ಒಲೆ ಆರಿತ್ತು. ಮುದ್ದೆಯ ಪಾತ್ರೆ ನೀರು ತುಂಬಿಕೊಂಡು ಮೂಲೆಯಲ್ಲಿ ಕೂತಿತ್ತು. ಅಕ್ಕಪಕ್ಕದ ಮನೆಯದಿರಬಹುದು ಎನ್ನಲು ಅದು ತೋಟದ ಮನೆ. ನಾಲ್ಕೂ ಕಡೆ ತೆಂಗಿನ ಸಾಲು ಬಿಟ್ಟರೆ ಏನೂ ಇಲ್ಲ. ಸಂಜೆ ನಾಲ್ಕೂವರೆಯ ಬಿಸಿಲಿನಲ್ಲಿ ಗರಿಗಳು ಕೂಡ ಅಲ್ಲಾಡುತ್ತಿರಲಿಲ್ಲ.

ನಡುಮನೆಯಲ್ಲಿ, ಅಟ್ಟಕ್ಕೆ ಒರಗಿಸಿದ್ದ ಏಣಿಯ ಬುಡದಲ್ಲಿ ಭವ್ಯಶ್ರೀ ಯೂನಿಫಾರ್ಮನ್ನೂ ಬಿಚ್ಚದೆ ಕೂತಿದ್ದಳು. ಮುಂದೆ ಅವಳ ಸ್ಟೀಲ್ ತಟ್ಟೆ. ಅದರಲ್ಲಿ ಏನೂ ಇರಲಿಲ್ಲ.

"ಹೊಟ್ಟೆ ಹಸೀತಾ ಪುಟ್ಟಿ? ಬಾ, ರೊಟ್ಟಿ ತಟ್ಟಿಕೊಡ್ತೀನಿ."

"ಬ್ಯಾಡ ಚಿಕ್ಕಮ್ಮ." ಹುಡುಗಿ ತಿರುಗಿ ನೋಡಲಿಲ್ಲ. "ಅಮ್ಮ ಅನ್ನ ಮಾಡ್ತವ್ಳೆ."

ಮೇಲೆ ಅಟ್ಟದಲ್ಲಿ ಒಂದು ಕಾಯಿ ಲೊಟಲೊಟನೆ ಉರುಳಿ ನಿಂತಿತು.

ನಯನ ಈ ಮನೆಗೆ ಎರಡನೆಯ ಹೆಂಡತಿಯಾಗಿ ದಂಡಿನಶಿವರದಿಂದ ಬಂದು ಆರು ತಿಂಗಳಾಗಿತ್ತು. ಮೊದಲನೆಯವಳು, ಭವ್ಯಶ್ರೀಯ ಅಮ್ಮ ಗಿರಿಜಾಂಬಿಕಾ ತೀರಿಕೊಂಡು ವರ್ಷ ದಾಟಿ ಒಂದು ತಿಂಗಳು. ಅಟ್ಟದ ಮೇಲಿದ್ದ ಅಷ್ಟೂ ಕಾಯಿ ಅವಳೇ ಏರಿಸಿದ್ದು. ಮಟ್ಟೆ ಸಮೇತ ಕಾಯಿಯನ್ನು ಅಟ್ಟದಲ್ಲಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲುಗಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಆಳುಗಳು ಸಿಗದ ಆ ವರ್ಷ ಗಿರಿಜಾಂಬಿಕಾ ತಲೆಯ ಮೇಲೆ ಕಾಯಿ ತುಂಬಿದ ಮಂಕರಿ ಹೊತ್ತು ನಾಲ್ಕು ದಿನ ಏಣಿ ಹತ್ತಿ ಇಳಿದಿದ್ದಳು. ಕೊನೆಯ ಮಂಕರಿ ಸುರಿದು ಬಂದವಳು ಮೈಕೈ ನೋವೆಂದು ಮಲಗಿದಳು. ಮೂರು ದಿನದ ಜ್ವರ. ಅಷ್ಟೇ.

ಈಗ ಕಾಯಿ ಇಳಿಸುವ ಕಾಲ ಮೀರುತ್ತಿದ್ದರೂ ಗಂಡ ರವೀಂದ್ರ ಇವತ್ತು ನಾಳೆ ಎನ್ನುತ್ತಿದ್ದ. ಸಂಜೆ ಆ ವಾಸನೆ ಏಳುವ ಹೊತ್ತಿಗೆ ಸರಿಯಾಗಿ ತೋಟದಿಂದ ಬಂದು ಜಗಲಿಯ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದ. ವಾಸನೆಯ ಬಗ್ಗೆ ಅವನು ಒಂದು ಮಾತೂ ಆಡಿದವನಲ್ಲ. ಮಾತಾಡುತ್ತಿದ್ದವಳು ಅವನ ತಾಯಿ ಹೊಂಬಾಳಮ್ಮ.

"ಅವ್ಳ ತವ್ರು ನಾಲೆ ಕಡೆ ಕಣೇ. ಹೋದಾಗೆಲ್ಲ ಜೀರಿಗೆ ಸಣ್ಣ ಅಕ್ಕಿ ತರೋಳು. ಮಗಳು ಕೇಳುದ್ರೆ ಹಬ್ಬ ಇಲ್ದಿದ್ರೂ ಮಾಡೋಳು. ಇದು ಅದೇ ವಾಸ್ನೆ, ನಂಗೊತ್ತಿಲ್ವಾ?" ಮುದುಕಿ ದನಿ ತಗ್ಗಿಸಿದಳು. "ನೀನು ಮಾತ್ರ ಅಟ್ಟ ಹತ್ಬ್ಯಾಡ."

ಬೆಳಿಗ್ಗೆ ಎದ್ದರೆ ಏಣಿಯ ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಇರುತ್ತಿತ್ತು. ಹುಳಿಯಾರು ಕಡೆಯಿಂದ ಬಲ್ಲವರನ್ನು ಕರೆಸಿ ಅಮಾವಾಸ್ಯೆಗೆ ದಿಗ್ಬಂಧನ ಹಾಕಿಸಬೇಕೆಂದು ಹೊಂಬಾಳಮ್ಮ ಮಗನ ಮುಂದೆ ಹೇಳಿದಾಗ ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಭವ್ಯಶ್ರೀ ಮಾತ್ರ ಕಿರುಚಿಕೊಂಡಳು. "ಅಮ್ಮನ್ನ ಕಟ್ಟಾಕ್ತೀರಾ?"

ಅಂದಿನಿಂದ ಅವಳು ಊಟವನ್ನೇ ಬಿಟ್ಟಂತಾಯಿತು. ಎರಡು ತುತ್ತು ನುಂಗಿ, ಸಾಕು, ಅಮ್ಮನ ಅನ್ನಕ್ಕೆ ಹೊಟ್ಟೆ ಬೇಕು ಎನ್ನುತ್ತಿದ್ದಳು. ಎಂಟು ವರ್ಷದ ಹುಡುಗಿಯ ಕೊರಳ ಮೂಳೆ ಎದ್ದು ಕಾಣತೊಡಗಿತು. ನಿಮ್ಮ ಮನೇಲಿ ಮಗುಗೆ ಊಟ ಹಾಕಲ್ವಾ ಎಂದು ಮೇಷ್ಟ್ರು ಕೇಳಿದ ದಿನ ನಯನ ಬಚ್ಚಲಿಗೆ ಹೋಗಿ ಅತ್ತಳು.

ಆ ಶನಿವಾರ ರವೀಂದ್ರ ತುರುವೇಕೆರೆಗೆ ಹೋಗಿದ್ದ. ಹೊಂಬಾಳಮ್ಮ ನೊಣವಿನಕೆರೆಯ ನೆಂಟರ ಮನೆಗೆ. ಅರ್ಧ ದಿನದ ಸ್ಕೂಲ್ ಬಿಡಲು ಇನ್ನೂ ಸ್ವಲ್ಪ ಹೊತ್ತಿತ್ತು. ನಯನ ಸೆರಗು ಸಿಕ್ಕಿಸಿ, ಮೊದಲ ಮೆಟ್ಟಿಲಿನ ಕುಂಕುಮ ತುಳಿಯದ ಹಾಗೆ ಎರಡನೆಯದಕ್ಕೆ ಕಾಲಿಟ್ಟು ಹತ್ತಿದಳು.

ಹೊರಗೆ ನಡುಮಧ್ಯಾಹ್ನ, ಅಟ್ಟದಲ್ಲಿ ಮುಸ್ಸಂಜೆಯಂಥ ಬೆಳಕು. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಎಳೆಗಳು ಅಲ್ಲಲ್ಲಿ ನಿಂತಿದ್ದವು. ಎದೆಮಟ್ಟ ರಾಶಿ ಬಿದ್ದ ಕಾಯಿಗಳು ಕಂದಿ, ಬೋಳು ತಲೆಗಳ ಹಾಗೆ ಒಂದರ ಮೇಲೊಂದು ಮಲಗಿದ್ದವು. ಅಡಕೆ ದಬ್ಬೆಯ ನೆಲ ಕಾಲ ಕೆಳಗೆ ಕಿರ್ರೆಂದಿತು. ಇಲ್ಲಿ ಘಮ ಎಷ್ಟು ದಟ್ಟವಾಗಿತ್ತೆಂದರೆ ಬಾಯಲ್ಲಿ ನೀರೂರಿತು; ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

ಯಾಕೋ ಸುಮ್ಮನಿರಲಾಗಲಿಲ್ಲ. "ಅಕ್ಕಾ," ಎಂದಳು. "ನಾನು, ನಯನ."

ಮೂಲೆಯಲ್ಲಿ ಕಾಯಿಗಳು ಸರಿದವು.

ಅವಳು ಏಣಿಯ ಕಡೆ ಒಂದು ಹೆಜ್ಜೆ ಹಿಂದಿಟ್ಟಳು. ರಾಶಿಯ ಹಿಂದಿನಿಂದ ಒಂದು ಮುಖ ಎದ್ದಿತು. ಕರಿ ಮುಖ, ಕಣ್ಣಿನ ಕೆಳಗೆ ಬಿಳಿ ಮಚ್ಚೆ, ಗುಲಗಂಜಿಯ ಹಾಗೆ ಹೊಳೆಯುವ ಕಣ್ಣು. ಅದು ಗುರುಗುಟ್ಟಲಿಲ್ಲ, ಓಡಲೂ ಇಲ್ಲ. ಅವಳನ್ನೇ ನೋಡುತ್ತ, ಉದ್ದ ಬಾಲವನ್ನು ನಿಧಾನವಾಗಿ ಸುತ್ತಿಕೊಂಡಿತು. ಬಾಲದ ಮರೆಯಲ್ಲಿ ಮೂರು ಮರಿಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಅವು ಮಲಗಿದ್ದದ್ದು ಮಂಕರಿ ಹೊರುವವರು ತಲೆಗಿಡುವ ಸಿಂಬೆಯ ನಡುವೆ. ನೀಲಿ ಸೀರೆ ಹರಿದು ಸುತ್ತಿದ ಸಿಂಬೆ. ನಡುಮನೆಯ ಗೋಡೆಯ ಫೋಟೋದಲ್ಲಿ ಗಿರಿಜಾಂಬಿಕಾ ಉಟ್ಟಿದ್ದ ಸೀರೆ ಅದು.

ಪುನುಗಿನ ಬೆಕ್ಕು. ದಂಡಿನಶಿವರದ ಮನೆಯ ಸೂರಿನಲ್ಲೂ ಒಮ್ಮೆ ಸೇರಿಕೊಂಡಿತ್ತು. ಅದರ ಮೈಯಿಂದ ಬಿಸಿ ಅನ್ನದ ವಾಸನೆ ಬರುತ್ತದೆ ಎಂದು ಅವಳ ತಾತ ತೋರಿಸಿದ್ದರು. ಎಷ್ಟು ಸುಲಭವಾಗಿ ಮರೆತಿದ್ದೆ! ನಯನಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ತಿರುಗಿದರೆ ಏಣಿಯ ಕೆಳಗೆ ಭವ್ಯಶ್ರೀ ಬ್ಯಾಗು ಹೊತ್ತುಕೊಂಡೇ ನಿಂತಿದ್ದಳು.

"ಅಮ್ಮ ಏನಂದ್ಲು?"

ನಯನ ಕೈ ಚಾಚಿದಳು. "ಬಾ, ನೀನೇ ನೋಡು. ಸದ್ದು ಮಾಡ್ಬ್ಯಾಡ."

ಹುಡುಗಿ ಬೆಕ್ಕನ್ನೂ ಮರಿಗಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ರಾಶಿಯ ಆಚೆ, ಈಚೆ, ಸೂರಿನ ಮೂಲೆಗಳಲ್ಲೆಲ್ಲ ಕಣ್ಣಾಡಿಸಿದಳು.

"ಇಷ್ಟೇನಾ?"

"ಇಷ್ಟೇ ಕಣಮ್ಮ. ಇದರ ಮೈ ವಾಸ್ನೆ ಅದು."

ಅಂದು ಸಂಜೆ ಭವ್ಯಶ್ರೀ ತಾನಾಗಿಯೇ ಬಂದು ಕೂತು ಇಡೀ ಮುದ್ದೆ ಉಂಡಳು. ತಟ್ಟೆ ತೊಳೆದು ಸ್ಟ್ಯಾಂಡಿಗೆ ಇಟ್ಟಳು. ಏಣಿಯ ಕಡೆ ನೋಡಲೇ ಇಲ್ಲ. ಹೊಂಬಾಳಮ್ಮ ಸಂತೋಷಕ್ಕೆ ಮೊಮ್ಮಗಳ ದೃಷ್ಟಿ ತೆಗೆದಳು. ಇಷ್ಟು ದಿನ ಬೇಡಿಕೊಂಡಿದ್ದು ಇದನ್ನೇ ಆದರೂ, ಆ ತೊಳೆದ ತಟ್ಟೆಯನ್ನು ನೋಡುವಾಗ ನಯನಳಿಗೆ ಮಗುವಿನ ಕೈಯಿಂದ ಏನನ್ನೋ ಕಿತ್ತುಕೊಂಡಂತಾಯಿತು.

ಅತ್ತೆಗೆ ಮೆಲ್ಲಗೆ ವಿಷಯ ಹೇಳಿದಳು. ಮುದುಕಿ ಕೇಳಿಸಿಕೊಂಡು ತಲೆದೂಗಿದಳು. "ಬೆಕ್ಕಿನ್ ರೂಪ್ದಲ್ಲಿ ಬಂದವ್ಳೆ ಅನ್ನು. ಮರಿ ಹಾಕಿರೋಳ್ನ ಓಡುಸ್ಬಾರ್ದು, ಹೋಗೋಗಂಟ ಇರ್ಲಿ ಬುಡು. ರವೀಗ್ ಮಾತ್ರ ಹೇಳ್ಬ್ಯಾಡ. ನಗ್ತಾನೆ."

ಎರಡು ವಾರದ ಮೇಲೆ ಒಂದು ಸಂಜೆ ಘಮ ಏಳಲಿಲ್ಲ. ನಯನ ಹತ್ತಿ ನೋಡಿದರೆ ತಾಯಿಯೂ ಇಲ್ಲ, ಮರಿಗಳೂ ಇಲ್ಲ. ಅವಳೇ ಚಿಕ್ಕಹನುಮಯ್ಯನಿಗೆ ಫೋನು ಮಾಡಿದಳು. ಊರಿನಲ್ಲೆಲ್ಲ ಕಾಯಿ ಇಳಿಸಿ ಸುಲಿಯುವವನು ಅವನು. ನಾಲ್ಕು ಆಳು ಕಟ್ಟಿಕೊಂಡು ಬಂದು ಎರಡು ದಿನದಲ್ಲಿ ಅಟ್ಟ ಖಾಲಿ ಮಾಡಿದ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲುಗಿಸಿ, "ಒಂದೂ ಕೆಟ್ಟಿಲ್ಲ ಕಣವ್ವ. ಏರ್ಸಿದ್ ಕೈ ಒಳ್ಳೇದು," ಎಂದ. ಆ ಎರಡು ದಿನವೂ ರವೀಂದ್ರ ಕತ್ತಲಾಗುವವರೆಗೆ ತೋಟ ಬಿಟ್ಟು ಬರಲಿಲ್ಲ. ಬುತ್ತಿಯನ್ನೂ ಅಲ್ಲಿಗೇ ತರಿಸಿಕೊಂಡ.

ಮೂರನೆಯ ಸಂಜೆ ತನ್ನ ಹೊತ್ತಿಗೆ ಸರಿಯಾಗಿ ಬಂದು ಜಗಲಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಬಂದ. ಭವ್ಯಶ್ರೀ ನಡುಮನೆಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದಳು. ಅವನು ಅಟ್ಟದ ಕೆಳಗೆ ನಿಂತು ತಲೆ ಮೇಲೆತ್ತಿದ. ಮೂಗಿನ ಹೊಳ್ಳೆ ಅರಳಿದ್ದನ್ನು ನಯನ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ನಯ್ನ, ಮೂರ್ ದಿನ ಆಯ್ತು."

"ಏನ್ರೀ?"

"ವಾಸ್ನೆ. ಬರ್ತಾನೇ ಇಲ್ಲ."

ಅವನ ದನಿಯಲ್ಲಿ ನಗು ಇರಲಿಲ್ಲ. ಊರ ದಾರಿ ತಪ್ಪಿದವನು ಗುರುತಿಲ್ಲದವರನ್ನು ಕೇಳುವ ಹಾಗಿತ್ತು. ನಯನ ಬಾಯಿ ತೆರೆದಳು. ಬೆಕ್ಕು ಕಣ್ರೀ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಭವ್ಯಶ್ರೀ ಪುಸ್ತಕದಿಂದ ತಲೆಯೆತ್ತಿ ಅವಳನ್ನು ನೋಡಿ, ಬೇಡ ಎನ್ನುವಂತೆ ಸ್ವಲ್ಪವೇ ತಲೆಯಾಡಿಸಿದಳು.

"ಹೌದಾ," ಎಂದಳು ನಯನ. "ನಾನು ಗಮನಿಸ್ಲಿಲ್ಲ."

"ಒಂದ್ಸಾರಿ ಮ್ಯಾಲೆ ನೋಡ್ಕೊಂಡ್ ಬತ್ತೀನಿ."

ಅವನು ಹತ್ತಿದ. ಏಣಿ ಜಾರೀತೆಂದು ನಯನ ಬಂದು ಹಿಡಿದುಕೊಂಡಳು. ಖಾಲಿ ಅಟ್ಟದ ದಬ್ಬೆಗಳ ಮೇಲೆ ಅವನ ಹೆಜ್ಜೆ ಒಂದೊಂದಾಗಿ ಮೂಲೆಯವರೆಗೆ ಹೋಗಿ ನಿಂತಿತು. ಸಂದಿಗಳಿಂದ ಒಂದಿಷ್ಟು ಧೂಳು ಉದುರಿತು. ಆಮೇಲೆ ಮೇಲಿನಿಂದ ಅವನ ದನಿ ಕೇಳಿಸಿತು. ಯಾರ ಜೊತೆಗೋ ಸಣ್ಣಗೆ ಮಾತಾಡುತ್ತಿದ್ದ. ನಡುನಡುವೆ ನಿಲ್ಲಿಸುತ್ತಿದ್ದ, ಕೇಳಿಸಿಕೊಳ್ಳುವವನ ಹಾಗೆ.

ಮಾತು ಏನೆಂದು ತಿಳಿಯಲು ನಯನ ಪ್ರಯತ್ನಿಸಲಿಲ್ಲ. ಭವ್ಯಶ್ರೀ ಪುಸ್ತಕ ಮುಚ್ಚಿ ಎದ್ದು ಬಂದು ಏಣಿಯ ಇನ್ನೊಂದು ಕಾಲು ಹಿಡಿದು ನಿಂತಳು.