ಮೂಗಿನ ಭಾರ

ಟಕ್ — ಚಮಚ ತಟ್ಟೆಗೆ ತಾಗಿದಷ್ಟೇ ಸದ್ದು, ಈರುಳ್ಳಿ ಹೆಚ್ಚುತ್ತಿದ್ದ ಲಿನೆಟ್ ತಿರುಗಿ ನೋಡಿದರೆ ಕಿಟಕಿ ಪಕ್ಕದ ಮೇಜಿನ ಮೇಲೆ ಮಾಡೆಲ್ ವಿಮಾನ ಬಾಲ ಊರಿ ಕೂತುಬಿಟ್ಟಿದೆ, ಮೂಗು ಮೇಲೆ, ಮುಂದಿನ ಗಾಲಿ ಗಾಳಿಯಲ್ಲಿ, ಈಗ ತಾನೇ ಗಾಲಿಗಳಿಗೆ ಹಚ್ಚಿದ ಅಂಟು ಒಣಗಿತೆಂದು ಹೊಟ್ಟೆಯ ಕೆಳಗಿನ ಆಸರೆ ತೆಗೆದು ಬಂದಿದ್ದಳು, ಕೈ ಒರೆಸಿಕೊಂಡು ಹೋಗಿ ಒಂದು ಬೆರಳಿನಿಂದ ಮೂಗನ್ನು ಮೆಲ್ಲಗೆ ಒತ್ತಿದಳು, ನಿಂತಿತು, ಬೆರಳು ತೆಗೆದಳು, ಟಕ್, ಅಯ್ಯೋ ದೇವರೇ, ಸೀಸ, ಮೂಗಿನೊಳಗೆ ಸೀಸದ ಗುಂಡು ಇಡಲೇ ಇಲ್ಲ, ಮೂಗಿನಲ್ಲಿ ಭಾರ ಇಡದೆ ಮುಚ್ಚಿದರೆ ಮೂರು ಗಾಲಿಯ ವಿಮಾನ ಹೀಗೇ ಹಿಂದಕ್ಕೆ ಕೂರುತ್ತದೆ ಎಂದು ಮಾಡೆಲ್ ಕ್ಲಬ್ಬಿಗೆ ಸೇರಿದ ಮೊದಲ ಬುಧವಾರವೇ ಹೇಳಿಕೊಡುತ್ತಾರೆ, ಮೀನುಗಾಳಕ್ಕೆ ಕಟ್ಟುವ ಗುಂಡುಗಳನ್ನು ತಂದು ಬಟ್ಟಲಲ್ಲಿ ಹಾಕಿಟ್ಟದ್ದೂ ನೆನಪಿದೆ, ಅಷ್ಟರಲ್ಲಿ ವಾಷಿಂಗ್ ಮೆಷಿನ್ ನೀರು ಕಾರಿ ಅಡುಗೆಮನೆಯೆಲ್ಲ ನೊರೆ, ಅದನ್ನು ಬಳಿದು, ಸೊಂಟ ಹಿಡಿದುಕೊಂಡು ಬಂದು, ನೇರ ವಿಮಾನದ ಒಡಲಿನ ಎರಡು ಹೋಳನ್ನೂ ಸೇರಿಸಿ ಅಂಟಿಸಿದ್ದಳು, ಗುಂಡು ಇನ್ನೂ ಬಟ್ಟಲಲ್ಲೇ ಇದೆ — ಮೂರು ವಾರ ಉಜ್ಜಿ, ಸಂದು ಮುಚ್ಚಿ, ಮತ್ತೆ ಉಜ್ಜಿ, ನಾಲ್ಕು ಪದರ ಬಿಳಿ ಬಣ್ಣ ಹೊಡೆದ ಮೇಲೆ ಈಗ, ಅದೂ ಇವತ್ತು, ಅಪ್ಪ ಊಟಕ್ಕೆ ಬರುವ ಭಾನುವಾರ.

ಕುರಿಮಾಂಸದ ಮೇಲೆ ಆಲೂಗಡ್ಡೆ ಬಿಲ್ಲೆ ಜೋಡಿಸಬೇಕು, ಒಲೆಯೊಳಗೆ ಇಡಬೇಕು, ಅಪ್ಪನನ್ನು ಕರೆತರಲು ಕೀತ್ ಕಾರು ತೆಗೆದುಕೊಂಡು ಹೋಗಿ ಆಗಲೇ ಹತ್ತು ನಿಮಿಷ, ಪ್ರೆಸ್ಟನ್ ಊರಿನ ಆ ತುದಿಯಿಂದ ಈ ತುದಿಗೆ ಎಷ್ಟು ಹೊತ್ತು, ಹೊರಡುವಾಗ ಗಂಡ ಬಾಗಿಲಲ್ಲಿ ನಿಂತು ಏನು ಹೇಳಿದ, ನಿಮ್ಮಪ್ಪ ಮೂವತ್ತೆರಡು ವರ್ಷ ಮುಚ್ಚಿಟ್ಟದ್ದನ್ನ ಯಾಕೆ ಕೆದಕ್ತೀಯೇ, ಸುಮ್ನೆ ಊಟ ಹಾಕಿ ಕಳ್ಸು, ಅಂದ, ಕೆದಕೋದಲ್ಲ ಕೀತ್, ಅಂದಿದ್ದಳು, ಈಗ ಮೂಗನ್ನು ಕೊರೆದು ಗುಂಡು ತುಂಬಬಹುದು, ಆದರೆ ಬಣ್ಣ ಹಾಳು, ಅಥವಾ ಬಾಲದ ಕೆಳಗೆ ಪಾರದರ್ಶಕ ಕಡ್ಡಿಯೊಂದನ್ನು ಆಸರೆ ಕೊಟ್ಟು ನಿಲ್ಲಿಸಬಹುದು, ಎಲ್ಲರೂ ಮಾಡುವ ಉಪಾಯ, ಕ್ಲಬ್ಬಿನ ಹ್ಯಾಲಿವೆಲ್ ಕಂಡರೆ ಬಿದ್ದು ಬಿದ್ದು ನಗುತ್ತಾನೆ, ಯುದ್ಧದ ವಿಮಾನಗಳನ್ನು ಮಾತ್ರ ಮೊಳೆ ಮೊಳೆ ಎಣಿಸಿ ಕಟ್ಟುವವನು, ಅಲ್ಲಮ್ಮ ಲಿನೆಟ್, ಹುಟ್ಟದೇ ಇರೋ ಮಗೂಗೆ ಅಂಗಿ ಹೊಲೀತಿದ್ದೀಯಲ್ಲ, ಅಳತೆ ಯಾರ ಹತ್ರ ತಗೊಂಡೆ, ಅಂದಿದ್ದ, ನೀನು ಸತ್ತೋರಿಗೆ ಹೊಲೀತಿಲ್ವೇನಪ್ಪ, ನಂದೇ ಎಷ್ಟೋ ವಾಸಿ, ಅಂದಿದ್ದಳು, ಇಡೀ ಕ್ಲಬ್ಬು ನಕ್ಕಿತ್ತು.

ಕ್ಲಬ್ಬಿನ ಮೂಲೆಯಲ್ಲಿ ಅವಳಂಥವರಿಗೇ ಒಂದು ಮೇಜು, ಹೀಗಾಗಿದ್ದರೆ ಎನ್ನುವವರ ಮೇಜು, ಅಂಗಡಿಯ ಒಂದು ಮಾಡೆಲ್ ಪೆಟ್ಟಿಗೆಯ ರೆಕ್ಕೆ, ಇನ್ನೊಂದರ ಬಾಲ, ಹಳೆಯ ಪೆನ್ನಿನ ಕೊಳವೆಯ ಇಂಜಿನ್ನು, ಎಲ್ಲ ಕೂಡಿಸಿ ಲೋಕದಲ್ಲಿ ಎಂದೂ ಇರದಿದ್ದ ವಿಮಾನ ಮಾಡುವುದು, ಮಾಡಿದ ಮೇಲೆ ಪಕ್ಕದಲ್ಲೊಂದು ಚೀಟಿ ಇಡಲೇಬೇಕು, ಯಾವ ವರ್ಷ ಮೊದಲು ಹಾರಿತು, ಯಾವ ದಳದಲ್ಲಿತ್ತು, ಎಲ್ಲೆಲ್ಲಿ ಹೋಯಿತು, ಮುಖ ಗಂಭೀರ ಮಾಡಿಕೊಂಡು ಬರೆಯಬೇಕು, ಅವಳದೊಂದು ಕಡಲ ಮೇಲಿಳಿದು ದ್ವೀಪಗಳಿಗೆ ಟಪಾಲು ಒಯ್ದಿತ್ತು, ಇನ್ನೊಂದು ನಾರ್ವೆಯ ಹಿಮದಲ್ಲಿ ಬಸುರಿಯರನ್ನು ಆಸ್ಪತ್ರೆಗೆ ಸಾಗಿಸಿತ್ತು, ಬರೆಯುವಾಗ ಕೈ ತಡೆದದ್ದಿಲ್ಲ, ಈ ಬಿಳಿಯದಕ್ಕೆ ಮಾತ್ರ ಚೀಟಿ ಖಾಲಿ, ಏಕೆಂದರೆ ಇದು ಅಪ್ಪನದು, ವಿಮಾನ ಕಾರ್ಖಾನೆಯಲ್ಲಿ ಐದು ವರ್ಷ ಕೂತು ಅವನು ನಕ್ಷೆ ಬರೆದದ್ದು ಇದರ ಮುಂದಿನ ಗಾಲಿಯ ಕಾಲಿಗೆ, ಬರೀ ಆ ಒಂದು ಕಾಲಿಗೆ, ಒಂದೇ ಒಂದು ವಿಮಾನ ತಯಾರಾಗಿ ನಿಂತಿತ್ತು, ಹಾರಲು ಇನ್ನು ಎರಡು ವಾರ, ಸರ್ಕಾರ ಬೇಡ ಎಂದಿತು, ನಕ್ಷೆ ಸುಡಿ, ವಿಮಾನ ಒಡೆದುಹಾಕಿ ಎಂದಿತು, ಆ ಸಂಜೆ ಅಪ್ಪ ಮನೆಗೆ ಬಂದು ಕೋಟೂ ಬಿಚ್ಚದೆ ಮೇಜಿಗೆ ಕೂತು ಇದ್ದಬದ್ದ ಪೆನ್ಸಿಲುಗಳನ್ನೆಲ್ಲ ಒಂದೊಂದಾಗಿ ಚೂಪು ಮಾಡಿದ, ಒಂಬತ್ತು ವರ್ಷದ ಲಿನೆಟ್ ಸಿಪ್ಪೆ ಗುಡಿಸಿದಳು, ಮರುತಿಂಗಳಿನಿಂದ ಬೇಕರಿ ಒಲೆಗಳ ನಕ್ಷೆ, ವಿಮಾನವೆಂಬ ಮಾತಿಲ್ಲ, ಅಮ್ಮನೂ ಕೇಳಲಿಲ್ಲ, ಕೇಳದೆಯೇ ತೀರಿಕೊಂಡಳು, ಈಗ ಅವನ ಕಣ್ಣು ನಡುವೆ ಮಸುಕು, ಅಂಚಷ್ಟೇ ಕಾಣುತ್ತದೆ, ಅದೂ ಆರುವ ಮೊದಲು, ಒಂದು ಸಲ, ಇದು ಯಾವ ವರ್ಷ ಹಾರುತ್ತಿತ್ತು ಎಂದು ಅವನ ಬಾಯಿಂದ ಬರಲಿ, ಅಷ್ಟೇ, ಅದಕ್ಕೇ ಖಾಲಿ ಚೀಟಿ, ಮತ್ತು ಅದರ ಪಕ್ಕದಲ್ಲಿ ಅಣಕಿಸುವ ಹಾಗೆ ಕುಂಡೆ ಊರಿ ಕೂತ ವಿಮಾನ, ಟಕ್.

ಮಾಂಸ ಒಲೆಯೊಳಗೆ ಸೇರಿ ಹಬೆ ಕಿಟಕಿಗೆ ಹತ್ತಿದೆ, ಅವತ್ತೂ ಹೀಗೇ, ಇನ್ನೂ ಎಲ್ಲ ಸರಿಯಿದ್ದ ಕಾಲ, ಅಪ್ಪ ಹಬೆಗಟ್ಟಿದ ಗಾಜಿನ ಮೇಲೆ ಬೆರಳಲ್ಲಿ ಬರೆದಿದ್ದ, ನೋಡು ಪುಟ್ಟಿ, ಯಾರಿಗೂ ಹೇಳ್ಬೇಡ, ಇದು ಗುಟ್ಟು, ಉದ್ದ ಕತ್ತು, ಗಿಡ್ಡ ರೆಕ್ಕೆ, ಈ ಕಾಲು ನಂದು, ಒಂದು ನಿಮಿಷದಲ್ಲಿ ಕರಗಿ ನೀರಾಗಿ ಇಳಿದುಹೋಯಿತು, ಅವಳ ಬಳಿ ಇದ್ದ ಅಳತೆ ಅದೊಂದೇ, ಹ್ಯಾಲಿವೆಲ್, ಗಾಜಿನ ಮೇಲಿನ ಅಳತೆ, ಅದರಲ್ಲಿ ಮೂಗು ಮೇಲಿತ್ತು, ಹೌದಲ್ಲ, ಮೇಲಿತ್ತು — ಕಾರಿನ ಬಾಗಿಲು, ಕೀತ್‌ನ ದನಿ, ಮೆಟ್ಟಿಲು ಮಾವ, ಮೆಟ್ಟಿಲು, ಗೊತ್ತಪ್ಪ, ನಾನೇನು ಅಳಿಯನ ಮನೆಗೆ ಹೊಸಬನಾ, ಕಡ್ಡಿ ಎಲ್ಲಿ, ಏಪ್ರನ್ನಿನ ಜೇಬಿನಲ್ಲಿದೆ, ಅಳತೆಗೆ ಕತ್ತರಿಸಿಯೂ ಆಗಿದೆ, ಬಾಲದ ಕೆಳಗೆ ತೂರಿಸಿದರೆ ಸಾಕು, ಅಷ್ಟರಲ್ಲಿ ಅಪ್ಪ ಒಳಗೇ ಬಂದ, ಮಾಂಸಕ್ಕೆ ಉಪ್ಪು ಹಾಕಿದ್ಯಾ ಇಲ್ಲ ಹೋದ ಸಲದ ಹಾಗೇನಾ, ಎನ್ನುತ್ತ ಕುರ್ಚಿಗೆ ತಡಕುವ ಕೈ ಮೇಜಿನ ಅಂಚು ಹಿಡಿದು ಜಾರಿ ವಿಮಾನಕ್ಕೆ ತಾಗಿ ಅಲ್ಲೇ ನಿಂತಿತು.

ಕೀತ್ ಅವಳ ಮುಖ ನೋಡಿದ, ಅಪ್ಪನ ಬೆರಳುಗಳು ಬಾಲದಿಂದ ಹೊರಟು ಬೆನ್ನು ಹತ್ತಿ ಕತ್ತು ದಾಟಿ ಮೂಗಿನ ತುದಿಗೆ ಬಂದವು, ಕೆಳಗಿಳಿದು ಮುಂದಿನ ಕಾಲನ್ನು ಹಿಡಿದವು, ಯಾರು ಹೇಳಿದ್ರು ನಿಂಗೆ, ಅಂದ, ಯಾರೂ ಹೇಳಿಲ್ಲ ಅಪ್ಪ, ಮೂಗಿಗೆ ಭಾರ ಇಡೋದು ಮರೆತೆ, ನನ್ನ ತಪ್ಪು, ಈಗ ಸರಿ ಮಾಡ್ತೀನಿ, ಸುಮ್ನಿರೇ, ಅಂದ, ಹೀಗೇ ಕೂತಿತ್ತು ಕಣೇ, ಒಡೆಯೋಕೆ ಬಂದೋರು ಮೊದ್ಲು ಮೂಗಲ್ಲಿದ್ದ ರಾಡಾರ್ ಎಲ್ಲ ಬಿಚ್ಚಿದ್ರು, ದಡ್ಡ ಮುಂಡೇವು, ಹಿಂದೆ ಎರಡು ಇಂಜಿನ್ ಹಾಗೇ ಇದೆ, ನಾವೆಲ್ಲ ಟೀ ಕುಡೀತಾ ನಿಂತಿದ್ವಿ, ನೋಡ್ತಾ ನೋಡ್ತಾನೇ ಮೂಗೆತ್ತಿಬಿಡ್ತು, ನನ್ನ ಗಾಲಿ ನೆಲ ಬಿಡ್ತು, ಐದು ವರ್ಷದಲ್ಲಿ ಅದೊಂದೇ ಸಲ, ಒಬ್ಬ ಟೋಪಿ ತೆಗೆದ, ಮನೇಲಿ ಹೇಗೆ ಹೇಳಲಿ ಇದನ್ನ, ಹಾರ್ತು ಅನ್ಲಾ, ಕೂತ್ಕೊಳ್ತು ಅನ್ಲಾ — ಅಪ್ಪ ನಕ್ಕ, ಅವಳು ಮರೆತೇಹೋಗಿದ್ದ ಆ ನಗು, ಈಗ ನೆಲ ಬಿಟ್ಟಿದ್ಯಾ, ನನಗೆ ನಡುವೆ ಕಾಣಲ್ಲ, ಬಿಟ್ಟಿದೆ ಅಪ್ಪ, ಎಷ್ಟು, ಜೇಬಿನಲ್ಲಿದ್ದ ಕಡ್ಡಿಯನ್ನು ಬಿಟ್ಟು ಲಿನೆಟ್ ಕೈ ಹೊರತೆಗೆದಳು, ಚೀಟಿ ಬರೆಯಬೇಕು, ವರ್ಷ ಕೇಳಬೇಕು, ಆಲೂಗಡ್ಡೆ ಕರಕಲಾಗುವ ಮೊದಲು ನೋಡಬೇಕು, ಆದರೆ ತೋರುಬೆರಳು ಗಾಲಿಯ ಕೆಳಗೆ ಹೋಗಿದೆ, ತಾಗದೆ, ಸರಿಯಾಗಿ ಹಿಡಿಯುವಷ್ಟೇ ಜಾಗ, ಒಂದು ಬೆರಳು ಅಪ್ಪ, ಒಂದು ಬೆರಳು, ಹಿಂದೆ ಹಬೆಗಟ್ಟಿದ ಗಾಜು, ಬಿಳಿಯ ಮೂಗು ಮೇಲೆ, ಗಾಲಿ, ಗಾಲಿಯ ಕೆಳಗೆ ಬೆರಳು, ಬೆರಳು ತೆಗೆದಳು, ಗಾಲಿ ಅಲ್ಲೇ, ಗಾಳಿಯಲ್ಲಿ, ಅಲ್ಲೇ —